ಕಣ್ಣು ಮುಚ್ಚಿ ಗೊತ್ತಾದ ಲಗ್ನ

ನನಗೆ ಈಗ ಬಹಳ ಖುಷಿಯಾಗಿದೆ. ಯಾಕೆ ಅಂತ ಮೊದಲೇ ಹೇಳಿಬಿಟ್ಟರೆ ನೀವು ಮುಂದೆ ಓದುವುದಿಲ್ಲ; ಕೂಸಿಗೆ ಹೆಸರಿಡುವ ಬಾರಸಿಗೆ ಬಂದವರು ಪೇಡೆ ಬಾಯಿಗೆ ಹಾಕಿಕೊಂಡು ಚಪ್ಪಲಿ ಹುಡುಕುವಂತೆ ಎದ್ದು ಹೋಗುತ್ತೀರಿ. ಆದ್ದರಿಂದ ಮೊದಲು ಕೆಲಸದ ಮಾತು. ಖುಷಿಯ ಮಾತು ತನ್ನ ಜಾಗದಲ್ಲಿ ಬರುತ್ತದೆ. ನಡುನಡುವೆ ಉಕ್ಕಿ ಬಂದರೆ ತಡೆದುಕೊಳ್ಳಿ, ನಾನಂತೂ ತಡೆಯಲಾರೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ನನ್ನ ನೌಕರಿಯಾಗಿತ್ತು. ಚರ್ಚಿನ ಸಭೆಯವರು ಕೊಟ್ಟ ಹೆಸರು ‘ಸುವಾರ್ತಾ ಸೇವಕಿ’. ಜನ ಕರೆದದ್ದು ‘ಪ್ರಾರ್ಥನಿ ಬಾಯಾರು’. ಕಾಯಿಲೆಯವರ ಹತ್ತಿರ ಕೂಡುವುದು, ಹೆರಿಗೆಯಾದ ಮನೆಗೆ ಹೋಗುವುದು, ಹೆಣ್ಣುಮಕ್ಕಳಿಗೆ ಹಾಡು ಕಲಿಸುವುದು, ಲಗ್ನ ಗೊತ್ತಾದ ಹುಡುಗಿಗೆ ಅವಳ ಅವ್ವ ಹೇಳಲು ನಾಚುವ ನಾಲ್ಕು ಮಾತು ಹೇಳಿಕೊಡುವುದು. ಇಷ್ಟಕ್ಕೆ ನಾಲ್ಕನೇ ಇಯತ್ತೆ ಸಾಕಾಗುತ್ತದೆ. ಸತ್ಯವೇದ ಓದಲು ಬರುತ್ತದೆ, ಬರೆಯಲು ತ್ರಾಸು. ಈಗ ಮೊಣಕಾಲು ನನ್ನ ಮಾತು ಕೇಳುವುದಿಲ್ಲವೆಂದು ಬಿಡುವು ಕೊಟ್ಟಿದ್ದಾರೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಮನೆಗೆ ಬಂದು, “ಆಯಿ, ಈ ಕೆಲಸ ಖರೇನ ಹೆಂಗಿರತೈತಿ, ಒಂದೀಟ ಬರದ ಕೊಡ್ರಿ” ಅಂದರು. ತರಬೇತಿಯಲ್ಲಿ ಅವರಿಗೆ ದೇವರ ಬಗ್ಗೆ ಎಲ್ಲ ಕಲಿಸಿದ್ದಾರೆ. ಜನರ ಬಗ್ಗೆ ಯಾರೂ ಕಲಿಸಿಲ್ಲ. ಹೀಗಾಗಿ ಕೂತಿದ್ದೇನೆ.

ಮೊದಲ ಪಾಠ ಇದು: ಜನ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುವುದು ಸ್ವಲ್ಪ, ಪಕ್ಕದಲ್ಲಿ ಕೂತವರಿಗೆ ಹೇಳುವುದು ಹೆಚ್ಚು.

ಕರೋಶಿಯಲ್ಲಿ ಒಂದು ಮನೆಯಿತ್ತು. ಅತ್ತೆ ಸೊಸೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ನಾನು ಹೋದೆನೆಂದರೆ ಇಬ್ಬರಿಗೂ ಬಾಯಿ ಬರುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೈ ಜೋಡಿಸಿ ಶುರು ಮಾಡುತ್ತಿದ್ದಳು: “ಕರ್ತನೇ, ಈ ಮನ್ಯಾಗ ಕೆಲವರು ಬಿಸಲ ಮಾರಿಗೆ ಬಡದರೂ ಹಾಸಿಗಿ ಬಿಡೂದಿಲ್ಲ. ಅವರನ್ನ ಕ್ಷಮಿಸು.” ಅವಳ ಉಸಿರು ನಿಲ್ಲುವುದನ್ನೇ ಕಾಯುತ್ತಿದ್ದ ಸೊಸೆ ಎತ್ತಿಕೊಳ್ಳುತ್ತಿದ್ದಳು: “ಕರ್ತನೇ, ಅವರು ರಾತ್ರಿ ಯಾರ ಕಾಲ ಒತ್ತಕೋತ ಕುಂತಿದ್ರು ಅನ್ನೂದು ನಿನಗ ಗೊತ್ತೈತಿ. ಒತ್ತಿಸಿಕೊಂಡವರಿಗೆ ನೆನಪಿನ ಶಕ್ತಿ ಕೊಡು.” ನಾನು ನಡುವೆ. ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಬೆಲ್ಲದಂಥ ದನಿಯಲ್ಲಿ, “ಬಾಯಾರ, ಚಹಾಕ್ಕ ಸಕ್ಕರಿ ಒಂದೀಟ ಹೆಚ್ಚ ಹಾಕಲಿ?” ಅಂತ ಕೇಳುವರು. ಹೊಸಬಳಿದ್ದಾಗ ನಾನು ಇದು ದೇವರಿಗೆ ಅವಮಾನ ಅಂದುಕೊಂಡು ಪಾಸ್ಟರಿಗೆ ದೂರು ಹೇಳಿದ್ದೆ. ಆಮೇಲೆ ತಿಳಿಯಿತು, ಬೇರೆ ಮನೆಗಳಲ್ಲಿ ಇದೇ ಮಾತಿಗೆ ಹಂಡೆ ಕೊಡ ಅಂಗಳಕ್ಕೆ ಬರುತ್ತವೆ. ಇಲ್ಲಿ ದೇವರು ನಡುವೆ ಕೂತು ಇಬ್ಬರ ಬೈಗುಳವನ್ನೂ ಕೇಳಿಸಿಕೊಂಡು ಸುಮ್ಮನಿದ್ದಾನೆ. ಅವನಿಗೆ ರೂಢಿಯಿದೆ. ನಿಮಗೂ ಆಗುತ್ತದೆ. ಎರಡಕ್ಕೂ ಆಮೆನ್ ಅನ್ನಿ, ಚಹಾ ಕುಡಿಯಿರಿ, ಏಳಿರಿ.

ಮೇಲಿನವರ ಮಾತು ಬಂದರೆ, ನಾನು ಸೇರಿದಾಗ ಇದ್ದ ಪಾಸ್ಟರು ಬಹಳ ಶಿಸ್ತಿನವರು. ಆಮೆನ್ ಆಗುವ ತನಕ ಯಾರೂ ಕಣ್ಣು ತೆರೆಯುವ ಹಾಗಿಲ್ಲ ಅಂತ ಅವರ ಕಟ್ಟಳೆ. ಈ ಸೀಮೆಯ ಹಳಬರು ಇವತ್ತಿಗೂ ಅದನ್ನು ಪಾಲಿಸುತ್ತಾರೆ. ಭೋಜದಲ್ಲಿ ಒಂದು ಲಗ್ನದ ಮನೆ. ಮಟನ್ ಪಾತ್ರೆ ಇಳಿಸಿ ಮುಚ್ಚಳ ಹಾಕಿಟ್ಟಿದ್ದರು. ಊಟದ ಮೊದಲು ಪಾಸ್ಟರು ಪ್ರಾರ್ಥನೆಗೆ ನಿಂತರು. ಆದಾಮನಿಂದ ಶುರು ಮಾಡಿದರು. ಅವರು ಇಸ್ರಾಯೇಲರನ್ನು ಸಮುದ್ರ ದಾಟಿಸುವ ಹೊತ್ತಿಗೆ ಅಂಗಳದಲ್ಲಿ ಮುಚ್ಚಳ ಬಿದ್ದ ಸಪ್ಪಳವಾಯಿತು. ಎಲ್ಲರಿಗೂ ಕೇಳಿಸಿತು. ನಾಯಿ ಚಪ್ಪರಿಸುವುದೂ ಕೇಳಿಸಿತು. ಒಬ್ಬನೂ ಕಣ್ಣು ತೆರೆಯಲಿಲ್ಲ. ಪಾಸ್ಟರು ಅದೇ ಹೊತ್ತಿಗೆ ಹಸಿದವರಿಗೆ ಉಣಿಸುವ ದೇವರಿಗೆ ಸ್ತೋತ್ರ ಹೇಳುತ್ತಿದ್ದರು, ಮತ್ತು ದೇವರು ಉಣಿಸುತ್ತಲೂ ಇದ್ದ. ಆಮೆನ್ ಆದ ಮೇಲೆ ಹುಡುಗಿಯ ಸೋದರಮಾವ ಪಾತ್ರೆಯಲ್ಲಿ ಇಣುಕಿ, “ಪಾಸ್ಟರ್ ಸಾಹೇಬ್ರ, ನಿಮ್ಮ ಸ್ತೋತ್ರ ಮುಗಿಯೂದರಾಗ ನಾಯೀದು ಊಟಾ ಮುಗೀತರಿ” ಅಂದ. ಬಂದವರು ಕಟ್ಟಿನ ಸಾರು ಅನ್ನ ಉಂಡು ಹೋದರು.

ಅವರ ನಂತರ ಬಂದವರು ಗಡಿಯಾರ ನೋಡಿ ಪ್ರಾರ್ಥನೆ ಮಾಡುವವರು. ಎರಡು ಮಾತು, ಆಮೆನ್. ಜನರಿಗೆ ಖುಷಿ ಆಗಬೇಕಿತ್ತಲ್ಲ? ಆಗಲಿಲ್ಲ. “ಇಷ್ಟ ಸಣ್ಣ ಪ್ರಾರ್ಥನಾಕ್ಕ ಜ್ವರಾ ಇಳಿತೈತೇನ್ರಿ ಬಾಯಾರ? ನೀವರ ಒಂದೀಟ ಉದ್ದ ಮಾಡ್ರಿ” ಅಂತ ನನ್ನನ್ನು ತಡೆದು ಕೂಡಿಸುತ್ತಿದ್ದರು. ಉದ್ದ ಪ್ರಾರ್ಥನೆ ಮಾಡುವುದನ್ನು ನಾನು ಕಲಿತದ್ದು ಹೀಗೆ. ಅದಕ್ಕೆ ಭಕ್ತಿಗಿಂತ ದಮ್ಮು ಬೇಕು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಾಗೆ ಒಂದು ವಿಷಯದಿಂದ ಇನ್ನೊಂದಕ್ಕೆ ಹೋಗಬೇಕು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಬೇಕು.

ನಮ್ಮವರ ಮನೆ ಮಾತ್ರ ಅಂತಲ್ಲ, ಎಲ್ಲರೂ ಕರೆಯುತ್ತಿದ್ದರು. ಸತ್ತಿಯಲ್ಲಿ ಕೃಷ್ಣೆಯ ದಂಡೆಗೆ ಕಬ್ಬಿನ ಹೊಲವಿದ್ದ ಚಂದ್ರವ್ವನ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತು. ನಾನು ಆ ಓಣಿಯಲ್ಲಿ ಬೇರೆ ಮನೆಗೆ ಹೋಗಿದ್ದೆ. ಚಂದ್ರವ್ವ ಓಡಿ ಬಂದು ಕೈ ಹಿಡಿದಳು. “ಬಾಯಾರ, ನಮ್ಮ ಮನೀ ದೇವರಿಗೆ ಕಾಯಿ ಕಟ್ಟೇವಿ. ದರ್ಗಾಕ್ಕ ಸಕ್ಕರಿ ಹೇಳಿ ಬಂದೇವಿ. ನಿಮ್ಮ ಯೇಸಪ್ಪಗೂ ಒಂದ ಮಾತ ಹಾಕ್ರಿ. ಯಾರ ಕೈ ಖಾಲಿ ಇರತೈತೋ ಅವರು ಬರ್ಲಿ.” ಕೊಟ್ಟಿಗೆಯಲ್ಲಿ ನಿಂತು ಮಾತು ಹಾಕಿದೆ. ದನದ ಡಾಕ್ಟರೂ ಬಂದ. ಹೆಣ್ಣುಗರು ಆಯಿತು. ಚಂದ್ರವ್ವ ಗಿಣ್ಣ ಮಾಡಿ ನಮ್ಮ ಚರ್ಚಿಗೂ ಒಂದು ಡಬ್ಬಿ ಕಳಿಸಿದಳು. ಆಗಿದ್ದ ಪಾಸ್ಟರು ಗಿಣ್ಣ ತಿನ್ನುತ್ತ, “ಇದು ಬಲವಾದ ಸಾಕ್ಷಿ. ಮೇಲಿನವರಿಗೆ ಬರಿಬೇಕು ಇದನ್ನ” ಅಂದರು. “ಬರೀರಿ. ಹಂಗ ಡಬ್ಬಿ ದರ್ಗಾಕ್ಕೂ ಹೋಗೇತಿ, ಡಾಕ್ಟರಿಗೂ ಹೋಗೇತಿ ಅನ್ನೂದೂ ಬರೀರಿ” ಅಂದೆ. ಬರೆಯಲಿಲ್ಲ. ಗಿಣ್ಣ ಮಾತ್ರ ಮುಗಿಸಿದರು. ಅರಿಷಿಣದ ವಿಷಯದಲ್ಲೂ ಹೀಗೇ. ಕ್ರೈಸ್ತರ ಲಗ್ನದಲ್ಲಿ ಮೈಗೆ ಅರಿಷಿಣ ಹಚ್ಚಬಾರದು ಅಂತ ಹಳೇ ಪಾಸ್ಟರ ಕಟ್ಟಳೆ. ಅದನ್ನು ನೋಡಿಕೊಳ್ಳಲು ಕಳಿಸುತ್ತಿದ್ದುದು ನನ್ನನ್ನು. ನಾನು ಹೋಗಿ ಹಿಂದಿನ ಕೋಣೆಯ ಬಾಗಿಲು ಹಾಕಿಸಿ, ಹಾಡುವವರಿಗೆ ದನಿ ಸಣ್ಣ ಮಾಡಲು ಹೇಳಿ, ಕೂತು ಅರೆದು ಕೊಡುತ್ತಿದ್ದೆ. ಮರುದಿನ ಮದುಮಗಳ ಮುಖ ಹೊಳೆಯುವುದನ್ನು ಕಂಡು ಪಾಸ್ಟರು, “ಪ್ರಾರ್ಥನೆ ಮಾಡುವ ಹುಡುಗಿಯ ಕಳೆಯೇ ಬೇರೆ” ಅನ್ನುತ್ತಿದ್ದರು. ನಾನು ಆಮೆನ್ ಅನ್ನುತ್ತಿದ್ದೆ.

ಈಗ ಎಲ್ಲ ಫೋನಿನಲ್ಲಿ. ಗುಂಪಿನಲ್ಲಿ ಒಬ್ಬರು ‘ಅವ್ವಗೆ ಆಪರೇಶನ್, ಪ್ರಾರ್ಥಿಸಿ’ ಅಂತ ಹಾಕುತ್ತಾರೆ, ಮೂವತ್ತು ಮಂದಿ ಜೋಡಿಸಿದ ಕೈಯ ಚಿತ್ರ ಒತ್ತಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಬಸ್ಸಿಳಿದು ಕೆಸರಿನಲ್ಲಿ ನಡೆಯುವ ತ್ರಾಸಿಲ್ಲ. ನನಗೂ ಒತ್ತಲು ಬರುತ್ತದೆ. ಆದರೆ ಒತ್ತಿದ ಮೇಲೆ ಆ ಅವ್ವನ ಕೈ ಬಿಸಿ ಇತ್ತೋ ತಣ್ಣಗಿತ್ತೋ ಗೊತ್ತಾಗುವುದಿಲ್ಲ.

ಇರಲಿ. ಈಗ ನನ್ನ ಮನೆಯ ಮಾತು.

ಈ ಸೀಮೆಯಲ್ಲಿ ನಮ್ಮ ಕ್ರೈಸ್ತ ಮನೆಗಳು ಅಲ್ಲೊಂದು ಇಲ್ಲೊಂದು. ನಿಪ್ಪಾಣಿಯ ಹುಡುಗಿಗೆ ಅಥಣಿಯಲ್ಲಿ ವರ ಹುಡುಕಬೇಕು. ವರನ ಕಡೆಯವರು ಹುಡುಗಿ ನೋಡಲು ಬಂದರೆ ಉಪ್ಪಿಟ್ಟು ಚಹಾಕ್ಕೆ ಮೊದಲು ಪ್ರಾರ್ಥನೆ; ಅದನ್ನು ಅವರ ಕಡೆಯ ಹಿರಿಯರು ಮಾಡುವುದು ಪದ್ಧತಿ. ನನ್ನ ಮಗ ಸಾಮು ಬಸ್ ಚಾಲಕ. ಅವನ ಮಗಳು ರೂತ್ ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಆ ನೌಕರಿ ಅವಳ ಜೀವ. ಅವಳನ್ನು ನೋಡಲು ಕಾಗವಾಡದ ಕಡೆಯಿಂದ ದಾನಿಯೇಲ ಮಾಸ್ತರು ಬಂದರು. ಸಾಲೆಯಲ್ಲಿ ಹೆಡ್ ಮಾಸ್ತರಾಗಿದ್ದವರು, ಅಲ್ಲಿಯ ಸಭೆಯ ಹಿರಿಯರು. ಜೊತೆಗೆ ಮಗ ಪ್ರಕಾಶ. ಸಕ್ಕರೆ ಕಾರ್ಖಾನೆಯಲ್ಲಿ ವಾಯರ್‌ಮನ್. ಹುಡುಗ ಬಂದವನೇ ಕುರ್ಚಿಯ ತುದಿಗೆ ಕೂತು ಚಪ್ಪಲಿ ಬಿಟ್ಟ ಪಾದಗಳನ್ನೇ ನೋಡತೊಡಗಿದ.

ರೂತ್ ಉಪ್ಪಿಟ್ಟಿನ ತಾಟು ಹಿಡಿದು ಬಂದಳು. ಮಾಸ್ತರು, “ಮೊದಲ ಪ್ರಾರ್ಥನಾ ಮಾಡೂಣು” ಅಂದರು. ಹುಡುಗಿ ತಾಟು ಹಿಡಿದಲ್ಲೇ ಕಣ್ಣು ಮುಚ್ಚಿದಳು. ಎಲ್ಲರೂ ಮುಚ್ಚಿದೆವು. ಮಾಸ್ತರ ದನಿ ಮೂರು ಓಣಿಗೆ ಕೇಳುವಂಥದು. “ಪರಲೋಕದ ತಂದೆಯೇ, ಈ ಮನೆಯ ಮಗಳಾದ ರೂತಳನ್ನು ನಮ್ಮ ಮನೆಯ ಸೊಸೆಯಾಗಿ ನಮ್ಮ ಕೈಗೆ ಒಪ್ಪಿಸಿದ್ದಕ್ಕಾಗಿ ನಿನಗೆ ಸ್ತೋತ್ರ. ಆಸ್ಪತ್ರೆಯ ದುಡಿಮೆಯಿಂದ ಅವಳಿಗೆ ಬಿಡುಗಡೆ ಕೊಟ್ಟು, ನಮ್ಮ ಮನೆಯ ದೀಪವಾಗಿ ಇಡಬೇಕೆಂದು ಬೇಡುತ್ತೇವೆ. ಆಮೆನ್.”

“ಆಮೆನ್” ಅಂದೆವು. ಸಾಮು ಅಂದ, ಸೊಸೆ ಅಂದಳು, ನಾನು ಅಂದೆ. ರೂತಳೂ ಅಂದಳು. ನಮ್ಮ ಮನೆಯಲ್ಲಿ ಕೂಸಿಗೆ ಹಲ್ಲು ಬರುವ ಮೊದಲು ಆಮೆನ್ ಬರುತ್ತದೆ. ಅನ್ನದಿದ್ದರೆ ರೊಟ್ಟಿ ಇಲ್ಲ. ಬಾಯಿ ತನ್ನಷ್ಟಕ್ಕೆ ತಾನು ಅನ್ನುತ್ತದೆ, ಕಿವಿಯ ಅಪ್ಪಣೆಗೆ ಕಾಯುವುದಿಲ್ಲ.

ಕಣ್ಣು ತೆರೆದರೆ ಮಾಸ್ತರ ಮುಖ ಅರಳಿತ್ತು. “ಆತಲ್ಲರಿ ಬೀಗರ! ದೇವರ ಮುಂದ ಮಾತ ಆತು. ಇನ್ನ ಚರ್ಚಿನಾಗ ಲಗ್ನದ ಪ್ರಕಟಣಾ ಒಂದ ಉಳೀತು.”

“ಏನಾತು?” ಅಂದಳು ರೂತ್. ಅವಳ ಕೈಯಲ್ಲಿ ತಾಟು ಹಾಗೇ ಇತ್ತು. ಎಲ್ಲರೂ ಉಪ್ಪಿಟ್ಟು ತೆಗೆದುಕೊಂಡರು.

ಅವರು ಹೋದ ಮೇಲೆ ಮನೆಯಲ್ಲಿ ಜಗಳ. ಸಾಮು ಮೆತ್ತಗಿನವ, ಆದರೆ ದೇವರ ಹೆಸರು ಬಂದರೆ ಕಲ್ಲು. “ದೇವರ ಮುಂದ ಆಮೆನ್ ಅಂದ ಬಿಟ್ಟಿ ಮಗಳ. ಹಿಂದ ತಗೊಳ್ಳಾಕ ಬರೂದಿಲ್ಲ.”

“ಅಪ್ಪಾ, ನಿನ್ನ ಬಸ್ಸಿಗೆ ಯಾರರ ಕೈ ಮಾಡಿದ್ರ, ಎಲ್ಲಿಗೆ ಹೊಂಟಾರಂತ ಕೇಳೂದಿಲ್ಲೇನು?”

“ಅದನ್ನ ಕಂಡಕ್ಟರ ಕೇಳತಾನವಾ.”

“ನನಗ ಕಂಡಕ್ಟರನೂ ಕೇಳಲಿಲ್ಲಪಾ. ಸೀದಾ ಸೀಟಿ ಊದಿಬಿಟ್ರಿ.”

ಆಮೇಲೆ ಬಚ್ಚಲ ಹತ್ತಿರ ನನ್ನ ಪಕ್ಕ ಬಂದು ಕೂತಳು. ಅಳಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅಳುವವರ ಹತ್ತಿರ ಕೂಡುವುದು ನನ್ನ ಕಸುಬು. “ಆಯಿ, ಹುಡುಗ ಕೆಟ್ಟವ ಅಂತ ಅಲ್ಲ. ಅವನ ಮಾರೀನೂ ನಾ ನೆಟ್ಟಗ ನೋಡಿಲ್ಲ. ಆದ್ರ ನನ್ನ ಲಗ್ನ ಮಾಡೂದು, ನನ್ನ ನೌಕರಿ ಬಿಡಸೂದು, ಎರಡೂ ನಾ ಕಣ್ಣ ಮುಚ್ಚಿದಾಗ ಆಗಿಹೋದುವು. ಕಣ್ಣ ತಗದ ಮ್ಯಾಲರ ಒಬ್ಬರು ಕೇಳಬೇಕೋ ಬ್ಯಾಡೋ?”

ನಾನು ಈಗಿನ ಸಣ್ಣ ವಯಸ್ಸಿನ ಪಾಸ್ಟರ ಹತ್ತಿರ ಹೋದೆ. ಒಳ್ಳೆಯ ಹುಡುಗ, ಗಿಟಾರ್ ಬಾರಿಸುತ್ತಾನೆ. ಎಲ್ಲ ಕೇಳಿ ನಿಟ್ಟುಸಿರುಬಿಟ್ಟು, “ಬರ್ರಿ ಆಯಿ, ಪ್ರಾರ್ಥನೆ ಮಾಡೂಣು” ಅಂದ. “ಅದರಿಂದನ ಇಷ್ಟೆಲ್ಲಾ ಆಗೇತ್ರಿ” ಅಂದೆ. ಅವನಿಗೆ ಬೇರೆ ಉಪಾಯ ಕಲಿಸಿರಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಪ್ರಾರ್ಥನೆ ಬಿಟ್ಟು ನನಗಾದರೂ ಏನು ಬರುತ್ತದೆ? ಮುಳ್ಳು ತೆಗೆಯಲು ಮುಳ್ಳೇ ಬೇಕು.

ಮಾಸ್ತರು ಮಗನನ್ನು ಕರೆದುಕೊಂಡು ತಾರೀಕು ಗೊತ್ತು ಮಾಡಲು ಬರುವವರಿದ್ದರು. ಹಿಂದಿನ ದಿನ ರೂತಳಿಗೆ ಹೇಳಿದೆ: “ನಾಳೆ ನಾ ಪ್ರಾರ್ಥನಾ ಶುರು ಮಾಡತೀನಿ. ನೀ ಆ ಹುಡುಗನ್ನ ಎಬ್ಬಿಸಿಕೊಂಡು ಹಿತ್ತಲಕ್ಕ ಹೋಗು. ಏನ ಕೇಳೂದೈತಿ ಕೇಳು, ಏನ ಹೇಳೂದೈತಿ ಹೇಳು. ನೀವ ಒಳಗ ಬರೂತನಾ ನಾ ಮುಗಸೂದಿಲ್ಲ. ಮುಗಸೂತನಾ ಅವರು ಕಣ್ಣ ತಗಿಯೂದಿಲ್ಲ.”

“ಆಯಿ! ಅವನ್ನ ಹೆಂಗ ಎಬ್ಬಸೂದು?”

“ದಿನಾ ಗುಳಿಗಿ ಕೊಡಾಕ ರೋಗಿಗೋಳನ್ನ ಎಬ್ಬಸತೀಯಲ್ಲ ಬೇ, ಹಂಗ.”

ಬಂದರು. ಕೂತರು. ಮಾಸ್ತರು ಗಂಟಲು ಸರಿಮಾಡಿಕೊಂಡರು. ನಾನು ನಡುವೆ ಬಾಯಿ ಹಾಕಿ, “ಮಾಸ್ತರ, ಈ ಸಲ ಹೆಣ್ಣಿನ ಕಡಿಯಿಂದ ಪ್ರಾರ್ಥನಾ ಆಗ್ಲಿ. ಇಷ್ಟ ವರ್ಷ ಊರವರಿಗೆಲ್ಲಾ ಮಾಡೇನಿ, ಮಮ್ಮಗಳಿಗೆ ಒಂದ ಮಾಡ್ತೀನಿ” ಅಂದೆ. ಅವರು ದೊಡ್ಡ ಮನಸ್ಸಿನಿಂದ ಕೈ ಬೀಸಿದರು. ಎಲ್ಲರ ಕಣ್ಣು ಮುಚ್ಚಿದವು. ನಾನು ಒಂದು ಕಣ್ಣನ್ನು ಕೂದಲೆಳೆಯಷ್ಟು ಬಿಟ್ಟುಕೊಂಡೆ. ಇದನ್ನು ತರಬೇತಿಯಲ್ಲಿ ಕಲಿಸುವುದಿಲ್ಲ, ಹಾಲು ಉಕ್ಕುವ ಮನೆಗಳಲ್ಲಿ ಕಲಿಯಬೇಕು.

ರೂತ್ ಎದ್ದು ಪ್ರಕಾಶನ ಭುಜ ಮುಟ್ಟಿದಳು. ಹುಡುಗ ಬೆಚ್ಚಿ ಕಣ್ಣು ತೆರೆದ, ತಂದೆಯ ಕಡೆ ನೋಡಿದ, ಅವಳ ಕಡೆ ನೋಡಿದ. ಅವಳು ಬಾಗಿಲಿನ ಕಡೆ ಗದ್ದ ತೋರಿಸಿದಳು. ಕರೆಂಟಿನ ತಂತಿ ದಾಟುವವನ ಹಾಗೆ ಹೆಜ್ಜೆ ಎತ್ತಿಟ್ಟು ಹೊರಗೆ ಹೋದ.

ನಾನು ನಮ್ಮ ಮನೆಯಿಂದ ಶುರು ಮಾಡಿದೆ. ಓಣಿ ಮುಗಿಸಿದೆ. ಚಿಕ್ಕೋಡಿಯಿಂದ ಬಸ್ಸು ಹತ್ತಿದವಳ ಹಾಗೆ ಒಂದೊಂದೇ ಊರು ಹಿಡಿದೆ. ಕರೋಶಿಯ ಅತ್ತೆಯರನ್ನೂ ಸೊಸೆಯರನ್ನೂ ಒಪ್ಪಿಸಿದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಬೆನ್ನು ನೋವನ್ನು ನೆನೆದೆ. ಕೃಷ್ಣೆಗೆ ಮಹಾಪೂರ ಬೇಡ ಅಂದೆ, ಬತ್ತುವುದೂ ಬೇಡ ಅಂದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕೆಂಪು ದೀಪ ಹಚ್ಚುವ ಬುದ್ಧಿಯನ್ನು ಚಾಲಕರಿಗೆ ಕೇಳಿದೆ. ಸಾಮು ಅದಕ್ಕೆ ಮನಸಾರೆ “ಹೌದು ಕರ್ತನೇ” ಅಂದ. ದ್ರಾಕ್ಷಿಗೆ ಆಲಿಕಲ್ಲು ಬೀಳದಿರಲಿ ಅಂದೆ. ಗಡಿಯ ಎರಡೂ ಕಡೆಯ ಮುಖ್ಯಮಂತ್ರಿಗಳನ್ನು ಆಶೀರ್ವದಿಸಿದೆ. ಗಡಿಯನ್ನು ಮಾತ್ರ ದೇವರ ಚಿತ್ತಕ್ಕೆ ಬಿಟ್ಟೆ. ಮಾಸ್ತರು ಒಂದು ಸಲ ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಕೊನೆಗೆ ತಡೆಯಲಾರದೆ ತಾವೇ ದೊಡ್ಡದಾಗಿ “ಆಮೆನ್” ಅಂದುಬಿಟ್ಟರು.

“ಅವಸರದಿಂದ ಆಮೆನ್ ಅಂದ ನಿನ್ನ ಸೇವಕ ದಾನಿಯೇಲನಿಗೆ ತಾಳ್ಮೆಯನ್ನು ಅನುಗ್ರಹಿಸು ಕರ್ತನೇ” ಅಂದು ಮುಂದೆ ಹೋದೆ. ಪಾಪ, ಕಣ್ಣು ಮತ್ತೆ ಬಿಗಿಯಾಗಿ ಮುಚ್ಚಿಕೊಂಡರು.

ಹಿತ್ತಲಿನಿಂದ ಹುಡುಗಿ ನಕ್ಕಿದ್ದು ಕೇಳಿಸಿತು. ನಾನು ದನಿ ಏರಿಸಿ ಸುಡಾನ್ ದೇಶಕ್ಕೆ ಹೋದೆ.

ಅಲ್ಲಿ ಏನು ಮಾತಾಯಿತು ಎಂದು ಆಮೇಲೆ ರೂತ್ ಹೇಳಿದಳು. ನೀರಿನ ಟಾಕಿಯ ಪಕ್ಕ ನಿಂತು ಇವಳು ಮೊದಲು ಕೇಳಿದ್ದು, “ಅವತ್ತ ನೀವೂ ಆಮೆನ್ ಅಂದ್ರೇನು?”

“ಅಪ್ಪಾ ಪ್ರಾರ್ಥನಾ ಮಾಡಿದ್ರ ಅಂದ ಬಿಡತೇವ್ರಿ. ಏನ ಬೇಡ್ಯಾರಂತ ಕೇಳಿಸಿಕೊಳ್ಳಾಕ ಹೋಗೂದಿಲ್ಲ.”

“ನಾನೂ ಹಂಗರಿ.”

ನಗು ಆಗ ಬಂದದ್ದು. ಆಮೇಲೆ ಇವಳು ನೌಕರಿಯ ಮಾತು ತೆಗೆದಳು. ಬಿಡುವುದಿಲ್ಲ, ಬಿಡಿಸುವವರ ಮನೆಗೆ ಬರುವುದಿಲ್ಲ ಅಂದಳು. ಹುಡುಗ ಟಾಕಿಯ ನಳ ತಿರುವುತ್ತ ಅಂದನಂತೆ: “ನನಗ ಏನೂ ತಕರಾರಿಲ್ಲರಿ. ಆದ್ರ ಅಪ್ಪನ ಎದುರ ನಾ ಇವತ್ತಿನತನಾ ಮಾತಾಡಿಲ್ಲ. ಮಾತಾಡೇ ಬಿಡತೀನಿ ಅಂತ ನಿಮಗ ಸುಳ್ಳ ಹೇಳೂದಿಲ್ಲ.”

“ಹಂಗಾರ ಮೊದಲ ಅಲ್ಲಿ ಮಾತಾಡ್ರಿ. ಆಮ್ಯಾಲ ನನ್ನ ಕೂಡ.”

ಇಬ್ಬರೂ ಒಳಗೆ ಬಂದು ನಿಂತಾಗ ನಾನು ಆಮೆನ್ ಅಂದೆ. ಮಾಸ್ತರು ಕಣ್ಣು ಉಜ್ಜಿಕೊಂಡು ಮಗನ ಖಾಲಿ ಕುರ್ಚಿ ನೋಡಿದರು, ಬಾಗಿಲಲ್ಲಿ ನಿಂತ ಜೋಡಿಯನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲು ರೂತ್ ಹೇಳಿದಳು: “ಮಾಸ್ತರ, ಅವತ್ತ ನಾ ಆಮೆನ್ ಅಂದದ್ದು ರೂಢಿಗೆ. ನನ್ನ ಉತ್ತರ ನಾ ಇನ್ನೂ ಕೊಟ್ಟಿಲ್ಲ. ನನಗ ಯಾರೂ ಕೇಳೇ ಇಲ್ಲ. ಕೇಳೂ ಮೊದಲ ನನ್ನ ನೌಕರಿ ಸುದ್ದಿ ನಿಮ್ಮ ಮನ್ಯಾಗ ಮುಗದಿರಬೇಕು.”

“ದೇವರ ಮುಂದ ಆದ ಮಾತು ಇದು!” ಮಾಸ್ತರು ಎದ್ದು ನಿಂತರು.

“ಹೌದ್ರಿ. ಅವಗ ಎಲ್ಲಾ ಗೊತ್ತೈತಿ. ಯಾರು ಕೇಳ್ಯಾರ, ಯಾರು ಕೇಳಿಲ್ಲ ಅನ್ನೂದೂ ಗೊತ್ತೈತಿ” ಅಂದೆ ನಾನು.

“ಬಾಯಾರ, ನೀವು ಪ್ರಾರ್ಥನಾ ಮಾಡಾಕತ್ತಿದ್ರೋ, ಪಹರೇ ಮಾ‌ಡಾಕತ್ತಿದ್ರೋ?”

“ಎರಡೂ ರಿ. ಇಬ್ಬರು ಮಾತಾಡುವಾಗ ಯಾರರ ಕಾಯಬೇಕಲ್ಲ?”

ಚಹಾ ಮುಟ್ಟದೆ ಹೋದರು. ಸಾಮು ಎಷ್ಟೋ ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಚರ್ಚಿನಲ್ಲಿ ಹೆಂಗಸರು ನನ್ನ ಪಕ್ಕ ಕೂತು ಕಣ್ಣು ಮುಚ್ಚಿ, ‘ವಯಸ್ಸಾದವರಿಗೆ ವಿವೇಕ ಕೊಡು’ ಅಂತ ಬೇಡಿಕೊಂಡರು. ಆಮೆನ್ ಅಂದೆ. ಆದರೆ ಒಳಗೆ ಹೆದರಿಕೆ. ಆ ಕಡೆಯಿಂದ ಫೋನಿಲ್ಲ, ಸುದ್ದಿಯಿಲ್ಲ. ಸಂಬಂಧ ಕೂಡುವಂಥದು ಇದ್ದದ್ದೇ ನಾಲ್ಕು ಮನೆ. ಅದರಲ್ಲಿ ಒಂದನ್ನು ನಾನೇ ಮುಚ್ಚಿಸಿದೆನೇನೋ ಅನ್ನಿಸುತ್ತಿತ್ತು. ರೂತ್ ಮಾತ್ರ ಡಬ್ಬಿ ಕಟ್ಟಿಕೊಂಡು ಡ್ಯೂಟಿಗೆ ಹೋಗಿ ಬರುತ್ತಿದ್ದಳು. ಒಂದು ದಿನ ತಡೆಯಲಾರದೆ, “ನಿನಗ ಚಿಂತಿ ಇಲ್ಲೇನ ಬೇ?” ಅಂತ ಕೇಳಿದೆ. “ಐತಿ ಆಯಿ. ಅವ ಮಾತಾಡ್ಲಿ ಅಂತ ಬಾಳ ಆಸೆ ಐತಿ. ಮಾತಾಡದಿದ್ರ ಬರೂದಿಲ್ಲ ಅನ್ನೂದೂ ಐತಿ” ಅಂದಳು.

ಅವ ಮಾತಾಡಿದ. ಹೇಗೆ ಮಾತಾಡಿದ ಅನ್ನುವುದನ್ನು ಮಾಸ್ತರ ಹೆಂಡತಿಯೇ ನನಗೆ ಫೋನು ಮಾಡಿ, ನಗು ಹತ್ತಿಕ್ಕಿಕೊಂಡು ಹೇಳಿದಳು.

ಅವರ ಮನೆಯಲ್ಲಿ ಸಂಜೆ ಊಟಕ್ಕೆ ಮೊದಲು ಮನೆಮಂದಿಯೆಲ್ಲ ಕೂತು ಪ್ರಾರ್ಥನೆ. ದಿನಾ ಮಾಸ್ತರದೇ. ಅವತ್ತು ಪ್ರಕಾಶ, “ಅಪ್ಪಾ, ಇವತ್ತ ನಾ ಮಾಡತೀನಿ” ಅಂದನಂತೆ. ಮಾಸ್ತರಿಗೆ ಆನಂದ. ಮಗ ಕಣ್ಣು ಮುಚ್ಚಿ, ಸಕ್ಕರೆ ಕಾರ್ಖಾನೆಗೆ, ಮಳೆಗೆ, ಅವ್ವನ ಆರೋಗ್ಯಕ್ಕೆ ಎಲ್ಲ ಬೇಡಿಕೊಂಡ. ತಂದೆ ಮಾತು ಮಾತಿಗೆ “ಹೌದು ಕರ್ತನೇ” ಅನ್ನುತ್ತಿದ್ದರು. ಅದೇ ದನಿಯಲ್ಲಿ ಮಗ ಮುಂದುವರಿಸಿದ: “ಕರ್ತನೇ, ರೂತ್ ನೌಕರಿ ಬಿಡೂದಿಲ್ಲ ಅಂದಾಳ. ನನಗೂ ಅದ ಬೇಕಾಗೇತಿ. ಇದನ್ನ ಅಪ್ಪಗ ಎದರ ಕೂತ ಹೇಳೂ ಧೈರ್ಯ ನನಗಿಲ್ಲ, ನಿನಗ ಗೊತ್ತೈತಿ. ಅದಕ್ಕ ನಿನ್ನ ಕೂಡ ಹೇಳಾಕತ್ತೇನಿ. ಅಪ್ಪಗ ಇದನ್ನ ತಡಕೊಳ್ಳೂ ಶಕ್ತಿ ಕೊಡು. ಆಮೆನ್.”

“ಆಮೆನ್” ಅಂದರು ಮಾಸ್ತರು.

ಅಂದ ಮೇಲೆ ಕಣ್ಣು ತೆರೆದರಂತೆ. ಹೆಂಡತಿ ಪಲ್ಯ ಬಡಿಸುತ್ತ, “ದೇವರ ಮುಂದ ಆದ ಮಾತರಿ” ಅಂದಳಂತೆ. ಪುಣ್ಯಾತ್ಗಿತ್ತಿ, ಎಷ್ಟು ವರ್ಷದಿಂದ ಆ ಮಾತಿಗೆ ಕಾದಿದ್ದಳೋ.

ಮರುವಾರ ಮಾಸ್ತರೇ ಬಂದರು. ನಮ್ಮ ಪಡಸಾಲೆಯಲ್ಲಿ ಕೂತು, ಪ್ರಾರ್ಥನೆಗೂ ಮೊದಲು, ಕಣ್ಣು ತೆರೆದುಕೊಂಡು, ಸಾಲೆಯ ಹುಡುಗನ ಹಾಗೆ ತಡವರಿಸುತ್ತ ಕೇಳಿದರು: “ತಂಗೀ, ನೌಕರಿ ನಿನ್ನ ಇಚ್ಛಾ. ನಮ್ಮ ಮನಿಗೆ ಬರತೀಯೇನು?” ರೂತ್, “ಹೂಂ, ಬರತೀನಿ” ಅಂದಳು. ಸಾಮು ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಲಗ್ನ ಮೊನ್ನೆ ಆಯಿತು. ಅದೇ ನನ್ನ ಖುಷಿ, ಹೇಳಿಬಿಟ್ಟೆ. ಆದರೆ ಲಗ್ನ ಆಯಿತೆಂದು ಇಷ್ಟು ಕುಣಿಯುತ್ತಿದ್ದೇನೆ ಅಂದುಕೊಳ್ಳಬೇಡಿ. ಲಗ್ನಗಳನ್ನು ಬಹಳ ಕಂಡಿದ್ದೇನೆ. ಚರ್ಚಿನಲ್ಲಿ ಮದುಮಗಳ ಹಿಂದೆ ನಿಲ್ಲುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು. ಪಾಸ್ಟರು ಕೇಳುತ್ತಾರೆ, ‘ಈ ಪುರುಷನನ್ನು ನಿನ್ನ ಗಂಡನನ್ನಾಗಿ ಸ್ವೀಕರಿಸುತ್ತೀಯಾ?’ ಹುಡುಗಿಯ ಗದ್ದ ಎದೆಗೆ ಹತ್ತಿರುತ್ತದೆ. ತುಟಿ ಅಲುಗಿತೋ ಇಲ್ಲವೋ. ನಾನು ಹಿಂದಿನಿಂದ ಮೊಣಕೈಗೆ ಮೆಲ್ಲಗೆ ತಿವಿಯುತ್ತೇನೆ. ಅವಳ ತಲೆ ಅಲ್ಲಾಡುತ್ತದೆ. ಪಾಸ್ಟರು ಅದನ್ನೇ ಉತ್ತರವೆಂದು ಹಿಡಿದು ಮುಂದಿನ ಹಾಳೆ ತಿರುವುತ್ತಾರೆ. ಎಷ್ಟೋ ಸಲ ಆ ತಲೆ ಅಲ್ಲಾಡಿದ್ದು ಒಪ್ಪಿಗೆಗೋ, ನನ್ನ ತಿವಿತಕ್ಕೋ, ನನಗೇ ಗೊತ್ತಾಗಿಲ್ಲ.

ರೂತಳ ಹಿಂದೆಯೂ ನಾನೇ ನಿಂತಿದ್ದೆ. ಪಾಸ್ಟರು ಕೇಳಿದರು. ನನ್ನ ಕೈ ತನ್ನ ರೂಢಿಯಂತೆ ಮೇಲೆದ್ದಿತು; ಎದ್ದಲ್ಲೇ ನಿಂತಿತು.

“ಸ್ವೀಕರಿಸುತ್ತೇನೆ!”

ವಾರ್ಡಿನ ಆ ತುದಿಯ ರೋಗಿಯನ್ನು ಕರೆಯುವ ದನಿ. ಹಿಂದಿನ ಬೆಂಚಿನಲ್ಲಿ ಬೀಗರ ಸೀರೆಯ ಮಾತಾಡುತ್ತಿದ್ದ ಹೆಂಗಸರು ಬಾಯಿ ಮುಚ್ಚಿದರು. ಹೊರಗೆ ಅಡುಗೆಯವರು ಸೌಟು ನಿಲ್ಲಿಸಿ ಇಣುಕಿದರು. ಪ್ರಕಾಶ ತನ್ನ ಸರದಿ ಮುಗಿದಿದ್ದರೂ ಇನ್ನೊಮ್ಮೆ ಗೋಣು ಹಾಕಿದ. ಮುಂದಿನ ಬೆಂಚಿನಲ್ಲಿದ್ದ ಮಾಸ್ತರು ಬೆಚ್ಚಿ ನನ್ನ ಕಡೆ ತಿರುಗಿ, “ಬಾಯಾರ, ಇಷ್ಟ ಜೋರ ಬೇಕಿತ್ತೇನ್ರಿ?” ಅಂತ ಪಿಸುಗುಟ್ಟಿದರು.

“ಅಕೀನ್ನ ಕೇಳ್ಯಾರ್ರಿ ಮಾಸ್ತರ” ಅಂದೆ. “ಅದಕ್ಕ ಅಕಿ ಹೇಳ್ಯಾಳ.”